ರಾಜ್ ಕಪೂರ್ ಹಾಡು ಎಂದರೆ ಯಾರ ಹಾಡು?



ನಮ್ಮ ಕನ್ನಡ ವೇಳೆಗೆ ಬರುವ ಕೋರಿಕೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಕನ್ನಡ ಹಾಡಿನ ಪಟ್ಟಿ ಕೊಟ್ಟ ಮೇಲೆ ಕೊನೆಯಲ್ಲಿ, "ನಡುವೆ ಒಂದು ರಾಜ್ ಕಪೂರ್ ಹಾಡೂ ಇರಲಿ" ಎಂದು ಸೇರಿಸುತ್ತೀರಿ. ಅದರಲ್ಲೂ ಚೆಂಬೂರು, ಗೋವಂಡಿ, ಕುರ್ಲಾ ಕಡೆಯವರಿಗೆ ಈ ಹಾಡುಗಳ ಮೇಲೆ ಒಂದು ಸಲಿಗೆ. ಆರ್. ಕೆ. ಸ್ಟುಡಿಯೋ ಇದ್ದದ್ದು ನಿಮ್ಮ ಬಸ್ ಹೋಗುವ ದಾರಿಯಲ್ಲೇ ಅಲ್ಲವೇ?

ಆದರೆ ಒಂದು ಕ್ಷಣ ನಿಂತು ಯೋಚಿಸಿ. ರಾಜ್ ಕಪೂರ್ ಹಾಡು ಎಂದು ನೀವು ಕೇಳುವ ಹಾಡನ್ನು ಹಾಡಿದವರು ಹೆಚ್ಚಾಗಿ ಮುಕೇಶ್. ಬರೆದವರು ಶೈಲೇಂದ್ರ ಅಥವಾ ಹಸರತ್ ಜೈಪುರಿ. ರಾಗ ಹಾಕಿದವರು ಶಂಕರ್-ಜೈಕಿಶನ್. ರೇಡಿಯೋದಲ್ಲಿ ತೆರೆಯಿಲ್ಲ, ಹಾಗಾಗಿ ರಾಜ್ ಕಪೂರರ ಮುಖವೂ ಇಲ್ಲ. ಹಾಗಿದ್ದೂ ಆ ಹಾಡು ಅವರದೇ ಎಂದು ನಮಗೆಲ್ಲ ಅನಿಸುತ್ತದೆ. ಇದು ಸರಿಯೇ? ಒಂದು ಚಿತ್ರಮಾಲೆ, ಒಂದು ಬ್ಯಾನರ್, ಒಂದು ಹೆಸರು ಊರೆಲ್ಲ ಮನೆಮಾತಾದಾಗ ಅದನ್ನು ಕಟ್ಟಿದ ಯಜಮಾನನಿಗೆ ಎಷ್ಟು ಪಾಲು ಸಲ್ಲಬೇಕು, ಜೊತೆಗೆ ದುಡಿದವರಿಗೆ ಎಷ್ಟು? ಈ ಸಲ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಲಾಂಛನದಲ್ಲೇ ಇಬ್ಬರು

ಮೊದಲು ಆರ್. ಕೆ. ಲಾಂಛನವನ್ನು ನೆನಪಿಸಿಕೊಳ್ಳಿ. ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನ ಮೇಲೆ ಬಾಗಿದ ಹೆಣ್ಣು. 1949ರ 'ಬರ್ಸಾತ್' ಚಿತ್ರದಲ್ಲಿ ರಾಜ್ ಕಪೂರ್ ಮತ್ತು ನರ್ಗಿಸ್ ನಿಂತ ಭಂಗಿ ಅದು. ಅಂದರೆ ಒಬ್ಬರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಸಂಸ್ಥೆಯ ಗುರುತಿನಲ್ಲೇ ಇಬ್ಬರಿದ್ದಾರೆ. ಪಿಟೀಲನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೂರನೆಯದು ಸಂಗೀತ. ಅರವತ್ತು ಎಪ್ಪತ್ತು ವರ್ಷ ಆ ಚಿತ್ರವನ್ನು ನೋಡಿದ ನಾವು ಅದರ ಮೇಲಿನ ಹೆಸರನ್ನು ಮಾತ್ರ ಓದಿಕೊಂಡೆವು.

ಆರ್. ಕೆ. ಫಿಲ್ಮ್ಸ್ ಶುರುವಾದದ್ದು 1948ರಲ್ಲಿ, 'ಆಗ್' ಚಿತ್ರದೊಂದಿಗೆ. 1924ರ ಡಿಸೆಂಬರಿನಲ್ಲಿ ಹುಟ್ಟಿದ ರಾಜ್ ಕಪೂರ್ ಆಗಿನ್ನೂ ಇಪ್ಪತ್ತಮೂರು ದಾಟಿದ ಹುಡುಗ. ಆ ಚಿತ್ರದ ಸಂಗೀತ ರಾಮ್ ಗಂಗೂಲಿ ಅವರದು. ಎರಡನೆಯ ಚಿತ್ರ 'ಬರ್ಸಾತ್'ಗೆ ಬರುವಾಗ ರಾಜ್ ಕಪೂರ್ ಒಂದು ಧೈರ್ಯ ಮಾಡಿದರು. ತಂದೆ ಪೃಥ್ವಿರಾಜ್ ಕಪೂರರ ಪೃಥ್ವಿ ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದ ಇಬ್ಬರು ಹೊಸಬರಿಗೆ ಸಂಗೀತದ ಹೊಣೆ ಕೊಟ್ಟರು. ಹೈದರಾಬಾದಿನ ಶಂಕರ್ ತಬಲಾ ನುಡಿಸುವವರು, ಗುಜರಾತಿನ ಬಾನ್ಸ್‌ಡಾದ ಜೈಕಿಶನ್ ಹಾರ್ಮೋನಿಯಂ ನುಡಿಸುವವರು. ಹಾಡು ಬರೆಯಲು ಬಂದವರಲ್ಲಿ ಹಸರತ್ ಜೈಪುರಿ ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಶೈಲೇಂದ್ರ ಮಾಟುಂಗಾದ ರೈಲ್ವೆ ವರ್ಕ್‌ಶಾಪಿನ ಕೆಲಸಗಾರ, ಕಾರ್ಮಿಕ ಚಳವಳಿಯ ಕವಿ. ಸಿನಿಮಾಕ್ಕೆ ಬರೆಯುವುದಿಲ್ಲ ಎಂದು ಮೊದಲು ಹೇಳಿದ್ದ ಶೈಲೇಂದ್ರ, ಮನೆಯಲ್ಲಿ ಹಣದ ಅಡಚಣೆ ಬಂದಾಗ ತಾವೇ ಹುಡುಕಿಕೊಂಡು ಹೋಗಿ 500 ರೂಪಾಯಿಗೆ ಎರಡು ಹಾಡು ಬರೆದುಕೊಟ್ಟರು ಎಂಬ ಸಂಗತಿಯನ್ನು ಅಂದಿನ ಸಿನಿಮಾ ಬಲ್ಲವರೆಲ್ಲ ಹೇಳುತ್ತಾರೆ.

ಇಲ್ಲಿ ಯಜಮಾನನ ಪಾಲು ಸ್ಪಷ್ಟವಾಗಿ ಕಾಣುತ್ತದೆ. ಕಂಡಕ್ಟರ್, ರೈಲ್ವೆ ಕೆಲಸಗಾರ, ನಾಟಕ ಮಂಡಲಿಯ ಇಬ್ಬರು ವಾದ್ಯಗಾರರು: ಇವರನ್ನು ಗುರುತಿಸಿ, ತನ್ನ ಹಣ ಮತ್ತು ಹೆಸರನ್ನು ಪಣಕ್ಕಿಟ್ಟು ಅವಕಾಶ ಕೊಟ್ಟದ್ದು ಸಣ್ಣ ಕೆಲಸವಲ್ಲ. ಒಳ್ಳೆಯ ಕಿವಿ ಇಲ್ಲದವನಿಗೆ ಅದು ಸಾಧ್ಯವೇ ಇಲ್ಲ.

ಆದರೆ ಅದೇ 'ಬರ್ಸಾತ್'ನಲ್ಲಿ ಗಾಳಿಗೆ ಹಾರುವ ಕೆಂಪು ದುಪಟ್ಟಾದ ಹಾಡೊಂದಿದೆ. ಲತಾ ಮಂಗೇಶ್ಕರ್ ಹಾಡಿದ್ದು, ಇಂದಿಗೂ ಮದುವೆ ಮನೆಯಲ್ಲಿ ಕೇಳಿಬರುತ್ತದೆ. ಅದನ್ನು ಬರೆದವರು ಶೈಲೇಂದ್ರರೂ ಅಲ್ಲ, ಹಸರತ್ತರೂ ಅಲ್ಲ, ರಮೇಶ್ ಶಾಸ್ತ್ರಿ ಎಂಬ ಕವಿ. ನಿಮ್ಮಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದೀರಿ? ಹಾಡು ಉಳಿಯಿತು, ಬ್ಯಾನರಿನ ಹೆಸರು ಉಳಿಯಿತು, ಬರೆದವರ ಹೆಸರು ಗಾಳಿಗೆ ಹೋಯಿತು. ನಮ್ಮ ಪ್ರಶ್ನೆ ಇರುವುದು ಇಲ್ಲಿ.

ದುಡಿದ ಕೈಗಳು

1951ರ 'ಆವಾರಾ' ತೆಗೆದುಕೊಳ್ಳಿ. ರಾಜ್ ಕಪೂರರನ್ನು ಸೋವಿಯತ್ ದೇಶದವರೆಗೆ ಮುಟ್ಟಿಸಿದ ಚಿತ್ರ. ಕಥೆ ಕೆ. ಎ. ಅಬ್ಬಾಸರದು, ಅವರ ಜೊತೆ ವಿ. ಪಿ. ಸಾಠೆ. ಅಬ್ಬಾಸ್ ಈ ಕಥೆಯನ್ನು ಮೊದಲು ಮೆಹಬೂಬ್ ಖಾನರಿಗೆ ಹೇಳಿದ್ದರು. ಪಾತ್ರ ಯಾರು ಮಾಡಬೇಕೆಂಬ ವಿಷಯದಲ್ಲಿ ಮಾತು ಕೂಡಿಬರದೆ ಕಥೆ ರಾಜ್ ಕಪೂರರ ಕೈಗೆ ಬಂತು. ಕ್ಯಾಮೆರಾ ರಾಧು ಕರ್ಮಾಕರ್. ಆ ಪ್ರಸಿದ್ಧ ಕನಸಿನ ದೃಶ್ಯದ ಮೋಡ, ಮೆಟ್ಟಿಲು, ದೊಡ್ಡ ವಿಗ್ರಹಗಳ ಲೋಕ ಕಟ್ಟಿದವರು ಕಲಾ ನಿರ್ದೇಶಕ ಎಂ. ಆರ್. ಆಚರೇಕರ್, ಸ್ವತಃ ದೊಡ್ಡ ಚಿತ್ರಕಾರರು. ಕತ್ತರಿ ಹಿಡಿದವರು ಜಿ. ಜಿ. ಮಾಯೇಕರ್. ರಾಧು ಕರ್ಮಾಕರ್ ಅಂತೂ 'ಆವಾರಾ'ದಿಂದ 1985ರ 'ರಾಮ್ ತೇರಿ ಗಂಗಾ ಮೈಲಿ'ವರೆಗೆ ರಾಜ್ ಕಪೂರ್ ನಿರ್ದೇಶಿಸಿದ ಎಲ್ಲ ಚಿತ್ರಗಳಿಗೂ ಕ್ಯಾಮೆರಾ ಹಿಡಿದವರು. ಮೂವತ್ತನಾಲ್ಕು ವರ್ಷ! ರಾಜ್ ಕಪೂರರ ಕಣ್ಣು ಎಂದು ನಾವು ಹೊಗಳುವಾಗ ಅದರಲ್ಲಿ ಕರ್ಮಾಕರರ ಕಣ್ಣು ಎಷ್ಟು?

ಸಂಗೀತದೊಳಗೆ ಹೋದರೆ ಇನ್ನೂ ಒಳಗಿನ ಕೋಣೆಗಳಿವೆ. ಶಂಕರ್-ಜೈಕಿಶನ್ ರಾಗ ಹಾಕಿದ ಮೇಲೆ ಹತ್ತಾರು ಪಿಟೀಲುಗಳಿಗೆ ಸ್ವರ ಹಂಚಿ ಬರೆಯುತ್ತಿದ್ದವರು ಗೋವಾ ಮೂಲದ ಸೆಬಾಸ್ಟಿಯನ್ ಡಿಸೋಜಾ. ತಾಳದ ಹೊಣೆ ಹೊತ್ತ ಸಹಾಯಕರು ದತ್ತಾರಾಮ್. ಅವರ ಢೋಲಕಿನ ನಡೆಗೆ ವಾದ್ಯಗಾರರು ಇಂದಿಗೂ ದತ್ತಾರಾಮ್ ಠೇಕಾ ಎನ್ನುತ್ತಾರೆ. ನಮ್ಮ ಕಾರ್ಯಕ್ರಮದಲ್ಲಿ ನಾವು ಸಂಗೀತ ಶಂಕರ್-ಜೈಕಿಶನ್ ಎಂದು ಹೇಳಿ ಮುಗಿಸುತ್ತೇವೆ. ಅಂದರೆ ಸಹಭಾಗಿಗಳಿಗೂ ಸಹಭಾಗಿಗಳಿದ್ದಾರೆ.

ನಮ್ಮ ಕರಾವಳಿಯ ಕೇಳುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮುಂಬಯಿಗೆ ಬರುವ ಯಕ್ಷಗಾನ ಮೇಳ ನೋಡಿ. ಪ್ರಸಂಗದ ಪದ್ಯ ಬರೆದವರು ಒಬ್ಬರು. ರಂಗದ ಮೇಲೆ ಕುಳಿತು ಅದನ್ನು ಹಾಡಿ ಇಡೀ ಆಟವನ್ನು ನಡೆಸುವ ಭಾಗವತರು ಇನ್ನೊಬ್ಬರು. ಅರ್ಥ ಹೇಳುವ ವೇಷಧಾರಿ ಅಲ್ಲೇ ನಿಂತು ಮಾತು ಕಟ್ಟುತ್ತಾನೆ. ಚೆಂಡೆ ಮದ್ದಳೆ ಇಲ್ಲದೆ ಹೆಜ್ಜೆಯೇ ಏಳುವುದಿಲ್ಲ. ಇವರನ್ನೆಲ್ಲ ಕೂಡಿಸಿ, ಲಾರಿ ಬಾಡಿಗೆಯಿಂದ ಊಟದವರೆಗೆ ನೋಡಿಕೊಂಡು, ನಷ್ಟವಾದರೆ ತಲೆಯ ಮೇಲೆ ಕೈಹೊತ್ತು ಕೂರುವವರು ಮೇಳದ ಯಜಮಾನರು. ಅವರ ಮೇಳ ಎನ್ನುತ್ತೇವೆ, ತಪ್ಪಿಲ್ಲ. ಆದರೆ ಬೆಳಿಗ್ಗೆ ಮನೆಗೆ ಬಂದು ಯಾರ ಪದ್ಯ ಚೆನ್ನಾಗಿತ್ತು, ಯಾರ ಅರ್ಥ ಚೆನ್ನಾಗಿತ್ತು ಎಂದು ಹೆಸರು ಹಿಡಿದೇ ಮಾತಾಡುತ್ತೇವೆ. ಸಿನಿಮಾ ವಿಷಯದಲ್ಲಿ ಮಾತ್ರ ಈ ಅಭ್ಯಾಸ ನಮಗೆ ತಪ್ಪಿಹೋಗಿದೆ.

ಅಳೆಯುವುದು ಹೇಗೆ?

ಯಾರ ಪಾಲು ಎಷ್ಟು ಎಂದು ತಕ್ಕಡಿ ಹಿಡಿದು ತೂಗಲಾಗುವುದಿಲ್ಲ, ನಿಜ. ಆದರೆ ಮೂರು ಪ್ರಶ್ನೆ ಕೇಳಬಹುದು.

ಮೊದಲನೆಯದು: ಒಬ್ಬರನ್ನು ತೆಗೆದರೆ ಏನಾಗುತ್ತದೆ? ಶಂಕರ್-ಜೈಕಿಶನ್ ಇಲ್ಲದೆ ಆರ್. ಕೆ. ಚಿತ್ರ ಬಂದಿದೆ. 1956ರ 'ಜಾಗ್ತೇ ರಹೋ'ಗೆ ಸಂಗೀತ ಸಲಿಲ್ ಚೌಧರಿ. 1973ರ 'ಬಾಬ್ಬಿ'ಗೆ ಲಕ್ಷ್ಮೀಕಾಂತ್-ಪ್ಯಾರೇಲಾಲ್, ಹೆಚ್ಚಿನ ಹಾಡು ಆನಂದ್ ಬಕ್ಷಿ. 'ಬಾಬ್ಬಿ' ಹಾಡುಗಳು ದೇಶವನ್ನೇ ಕುಣಿಸಿದವು. ರಾಜ್ ಕಪೂರ್ ಇಲ್ಲದ ಶಂಕರ್-ಜೈಕಿಶನ್ ಚಿತ್ರಗಳೂ ಬಂದಿವೆ. ಶಮ್ಮಿ ಕಪೂರರ 'ಜಂಗ್ಲಿ' ಒಂದು ಸಾಕು. ಅಂದರೆ ಒಬ್ಬರಿಲ್ಲದೆ ಇನ್ನೊಬ್ಬರು ಬದುಕಿದ್ದಾರೆ. ರಾಜ್ ಕಪೂರರ ಹಾಡಿನ ಕಿವಿ ಅವರದೇ ಸ್ವಂತ ಎಂಬುದಕ್ಕೆ 'ಬಾಬ್ಬಿ' ಸಾಕ್ಷಿ. ಶಂಕರ್-ಜೈಕಿಶನ್ ಯಾರ ನೆರಳಿನಲ್ಲೂ ಬೆಳೆದವರಲ್ಲ ಎಂಬುದಕ್ಕೆ 'ಜಂಗ್ಲಿ' ಸಾಕ್ಷಿ. ಎರಡೂ ನಿಜ.

ಎರಡನೆಯದು: ಹೆಸರು ಬೇರೆಯವರದಿದ್ದಾಗ ನಾವೇನು ಹೇಳುತ್ತೇವೆ? 'ಬೂಟ್ ಪಾಲಿಶ್' (1954) ನಿರ್ದೇಶಕರು ಪ್ರಕಾಶ್ ಅರೋರಾ. 'ಜಾಗ್ತೇ ರಹೋ' ನಿರ್ದೇಶಕರು ಬಂಗಾಳದ ರಂಗಭೂಮಿಯ ದೊಡ್ಡ ಹೆಸರು ಶಂಭು ಮಿತ್ರ, ಜೊತೆಗೆ ಅಮಿತ್ ಮೈತ್ರ. 1957ರಲ್ಲಿ ಕಾರ್ಲೋವಿ ವಾರಿ ಚಿತ್ರೋತ್ಸವದ ಮೊದಲ ಬಹುಮಾನ ಪಡೆದದ್ದು ಆ ಚಿತ್ರ. 'ಜಿಸ್ ದೇಶ್ ಮೇ ಗಂಗಾ ಬೆಹತೀ ಹೈ' (1960) ನಿರ್ದೇಶಕರು ಅದೇ ಕ್ಯಾಮೆರಾದ ರಾಧು ಕರ್ಮಾಕರ್. ಮೂರನ್ನೂ ನಾವು ರಾಜ್ ಕಪೂರ್ ಪಿಕ್ಚರ್ ಎಂದೇ ಹೇಳುತ್ತೇವೆ. ತೆರೆಯ ಮೇಲೆ ಹೆಸರು ಸರಿಯಾಗಿಯೇ ಬಂದಿದೆ. ಕದ್ದವರು ಯಾರೂ ಇಲ್ಲ. ನಮ್ಮ ನಾಲಗೆಯೇ ಅದನ್ನು ಎತ್ತಿ ಯಜಮಾನರಿಗೆ ಕೊಟ್ಟಿದೆ.

ಮೂರನೆಯದು: ಮುಳುಗಿದಾಗ ಯಾರ ಮನೆ ಮುಳುಗಿತು? 1970ರ 'ಮೇರಾ ನಾಮ್ ಜೋಕರ್' ನಾಲ್ಕು ಗಂಟೆಯ ಚಿತ್ರ, ಎರಡು ವಿರಾಮ. ಆಗ ಅದು ಸೋತಿತು, ಸಾಲ ಹೊತ್ತವರು ರಾಜ್ ಕಪೂರ್. ಕಥೆ ಬರೆದ ಅಬ್ಬಾಸರ ಮನೆಗೆ ಸಾಲಗಾರರು ಹೋಗಲಿಲ್ಲ. ಸೋಲು ತನ್ನದಾದವನಿಗೆ ಗೆಲುವಿನಲ್ಲಿ ದೊಡ್ಡ ಪಾಲು ಸಲ್ಲಬೇಕೆಂಬ ವಾದದಲ್ಲಿ ನ್ಯಾಯವಿದೆ. ಆದರೆ ಈ ನ್ಯಾಯ ಹಣದ ಪಾಲಿಗೆ ಹೊಂದುತ್ತದೆ. ಹೆಸರಿನ ಪಾಲು ಬೇರೆ. ಶೈಲೇಂದ್ರರೂ ಒಮ್ಮೆ ಯಜಮಾನರಾದರು. ಫಣೀಶ್ವರನಾಥ ರೇಣು ಅವರ ಕಥೆ ಇಟ್ಟುಕೊಂಡು 'ತೀಸ್ರೀ ಕಸಮ್' ನಿರ್ಮಿಸಿದರು. ಬಸು ಭಟ್ಟಾಚಾರ್ಯ ನಿರ್ದೇಶನ, ನಾಯಕ ರಾಜ್ ಕಪೂರ್. 1966ರಲ್ಲಿ ಬಿಡುಗಡೆಯಾದ ಚಿತ್ರ ಓಡಲಿಲ್ಲ. ಸಾಲದ ಹೊರೆಯಲ್ಲೇ ಆ ವರ್ಷ ಡಿಸೆಂಬರ್ 14ರಂದು, ರಾಜ್ ಕಪೂರರ ಹುಟ್ಟುಹಬ್ಬದ ದಿನವೇ, ಶೈಲೇಂದ್ರ ತೀರಿಕೊಂಡರು. ಆಮೇಲೆ ಅದಕ್ಕೆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಸೋಲು ಹೊತ್ತವರು ಶೈಲೇಂದ್ರ. ಈ ಚಿತ್ರವನ್ನು ಜನ ಗುರುತಿಸುವುದು ಮಾತ್ರ ಇಂದಿಗೂ ಹೆಚ್ಚಾಗಿ ರಾಜ್ ಕಪೂರರ ಮುಖದಿಂದ.

ಹೆಸರು ಹೇಳುವುದರಲ್ಲಿ ಏನಿದೆ?

ಇಷ್ಟೆಲ್ಲ ಲೆಕ್ಕ ಯಾಕೆ, ಹಾಡು ಚೆನ್ನಾಗಿದ್ದರೆ ಸಾಕಲ್ಲ ಎಂದು ಕೆಲವರು ಕೇಳಬಹುದು. ರೇಡಿಯೋ ಮಂದಿಯಾಗಿ ನಮಗೆ ಇದಕ್ಕೊಂದು ಉತ್ತರವಿದೆ.

1949ರಲ್ಲಿ 'ಮಹಲ್' ಚಿತ್ರದ ಹಾಡಿನ ತಟ್ಟೆ ಬಂದಾಗ ಅದರ ಮೇಲೆ ಗಾಯಕಿಯ ಹೆಸರು ಕಾಮಿನಿ ಎಂದಿತ್ತು. ಕಾಮಿನಿ ಎಂದರೆ ಮಧುಬಾಲಾ ಮಾಡಿದ ಪಾತ್ರದ ಹೆಸರು! ಹಾಡಿದವರು ಲತಾ ಮಂಗೇಶ್ಕರ್. ಆ ಕಾಲದ ಪದ್ಧತಿಯೇ ಹಾಗಿತ್ತು. ರೇಡಿಯೋದಲ್ಲಿ ಹಾಡು ಕೇಳಿದ ಜನ, ಇದನ್ನು ಹಾಡಿದವರು ಯಾರು ಎಂದು ಪತ್ರದ ಮೇಲೆ ಪತ್ರ ಬರೆದರು. ಆಗ ಹೆಸರು ಹೊರಗೆ ಬಂತು. ಕೇಳುಗರ ಪತ್ರ ಗಾಯಕಿಗೆ ಅವಳ ಹೆಸರನ್ನು ವಾಪಸು ಕೊಡಿಸಿತು ಎನ್ನಬಹುದು.

ಫಿಲ್ಮ್‌ಫೇರ್ ಪ್ರಶಸ್ತಿ 1954ರಲ್ಲಿ ಶುರುವಾದಾಗ ಸಂಗೀತ ನಿರ್ದೇಶಕರಿಗೆ ಬಹುಮಾನವಿತ್ತು. ಹಾಡಿದವರಿಗೂ ಬರೆದವರಿಗೂ ಇರಲಿಲ್ಲ. ಶಂಕರ್-ಜೈಕಿಶನ್ 'ಚೋರಿ ಚೋರಿ'ಗೆ ಪ್ರಶಸ್ತಿ ಪಡೆದ ಸಮಾರಂಭದಲ್ಲಿ ಹಾಡಲು ಕರೆದಾಗ ಲತಾ ಒಪ್ಪಲಿಲ್ಲ. ಗಾಯಕರಿಗೆ ಪ್ರಶಸ್ತಿಯೇ ಇಲ್ಲದಿದ್ದರೆ ತಾನೇಕೆ ಹಾಡಲಿ ಎಂಬುದು ಅವರ ನಿಲುವು. 1959ರಲ್ಲಿ ಗಾಯಕರಿಗೂ ಗೀತರಚನೆಕಾರರಿಗೂ ಪ್ರಶಸ್ತಿ ಬಂತು. ಗೀತರಚನೆಯ ಮೊದಲ ಪ್ರಶಸ್ತಿ ಶೈಲೇಂದ್ರರಿಗೇ, 'ಯಹೂದಿ' ಚಿತ್ರದ ಹಾಡಿಗೆ.

ಇನ್ನು ಕಾನೂನು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಚಲನಚಿತ್ರದ ಕರ್ತೃ ಯಾರು ಗೊತ್ತೇ? ನಿರ್ಮಾಪಕ. ನಿರ್ದೇಶಕನ ಹೆಸರು ಅಲ್ಲಿ ಇಲ್ಲ. ಹಾಡಿನ ಸಾಹಿತ್ಯಕ್ಕೆ ಕವಿ, ಸಂಗೀತಕ್ಕೆ ಸಂಯೋಜಕ ಕರ್ತೃಗಳು, ಸರಿ. ಆದರೆ ಹಣ ಕೊಟ್ಟು ಸಿನಿಮಾಕ್ಕಾಗಿ ಬರೆಸಿಕೊಂಡರೆ ಹಕ್ಕು ನಿರ್ಮಾಪಕನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಮ್ಮೆ ದುಡ್ಡು ತೆಗೆದುಕೊಂಡರೆ ಮುಗಿಯಿತು. ಆ ಹಾಡು ರೇಡಿಯೋದಲ್ಲಿ ಸಾವಿರ ಸಲ ಬಂದರೂ ಬರೆದವರಿಗೆ ಬರುವುದು ಬರೀ ಮೆಚ್ಚುಗೆ. ಮೂವತ್ತೈದು ವರ್ಷಗಳ ಮೇಲೆ, 2012ರ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದಲ್ಲಿ ಸಿನಿಮಾದ ಭಾಗವಾಗಿ ತೋರಿಸುವುದನ್ನು ಬಿಟ್ಟು ಬೇರೆ ಬಳಕೆಗಳ ಗೌರವಧನದಲ್ಲಿ ಕವಿಗೂ ಸಂಯೋಜಕನಿಗೂ ಸಮಪಾಲು ಸಿಗಬೇಕು; ಆ ಪಾಲನ್ನು ವಾರಸುದಾರರಿಗೆ ಅಥವಾ ವಸೂಲಿ ಮಾಡಿ ಹಂಚುವ ಕೃತಿಸ್ವಾಮ್ಯ ಸೊಸೈಟಿಗೆ ಬಿಟ್ಟರೆ ಬೇರೆಯವರಿಗೆ ಬರೆದುಕೊಡುವಂತಿಲ್ಲ. ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಕವಿ ಜಾವೇದ್ ಅಖ್ತರ್.

ಹಾಗಾದರೆ ಹೆಸರಿಗೂ ಹಣಕ್ಕೂ ನಂಟಿದೆ. ಯಾರ ಹೆಸರು ದಾಖಲೆಯಲ್ಲಿಲ್ಲವೋ ಅವರ ಮನೆಗೆ ಚೆಕ್ಕೂ ಹೋಗುವುದಿಲ್ಲ.

ನಮ್ಮ ಕನ್ನಡದಲ್ಲಿ

ಇದು ಬರೀ ಹಿಂದಿಯವರ ಕಥೆ ಎಂದುಕೊಳ್ಳಬೇಡಿ. ಗುರುದತ್ತ್ ಎಂದ ಕೂಡಲೇ ನಮಗೆ ನೆನಪಾಗುವುದು 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಕೋಲಿನಂತೆ ಇಳಿಯುವ ಬೆಳಕು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ಹಾಯಿಸಿ ಆ ಬೆಳಕನ್ನು ತಂದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಮುಂಬಯಿಗೆ ಬಂದವರು. ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, 2010ರಲ್ಲಿ ಕೈಗೆ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಒಬ್ಬ ಕನ್ನಡಿಗ. ಆದರೆ ಚಿತ್ರ ಬಂದು ಐವತ್ತು ವರ್ಷ ಆಗಿಹೋಗಿತ್ತು.

ಚಿತ್ರಮಾಲೆಯ ವಿಷಯಕ್ಕೆ ಬಂದರೆ ಕನ್ನಡದ ಹಳೆಯ ಉದಾಹರಣೆ ಸಿ. ಐ. ಡಿ. 999. 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರಗಳು. ಅದನ್ನು ಕಟ್ಟಿದವರು ದೊರೆ-ಭಗವಾನ್. ಒಂದೇ ಹೆಸರಿನಂತೆ ಕೇಳಿಸಿದರೂ ಇಬ್ಬರು: ಕ್ಯಾಮೆರಾ ಬಲ್ಲ ದೊರೈರಾಜ್, ಮತ್ತು ಎಸ್. ಕೆ. ಭಗವಾನ್. ಸಂಗೀತ ಜಿ. ಕೆ. ವೆಂಕಟೇಶ್. ಆದರೆ ಆ ಚಿತ್ರಗಳು ಯಾರದೆಂದು ಕೇಳಿ ನೋಡಿ, ಅಣ್ಣಾವ್ರದು ಎನ್ನುತ್ತೀರಿ! ಆರ್. ಕೆ.ಯಲ್ಲಿ ಯಜಮಾನರ ಹೆಸರು ಉಳಿದವರನ್ನು ಮುಚ್ಚಿದರೆ, ಇಲ್ಲಿ ನಾಯಕರ ಹೆಸರು ಯಜಮಾನರನ್ನೇ ಮುಚ್ಚಿತು. ಹಾಗೆಯೇ ಹಳೆಯ ಅಣ್ಣಾವ್ರ ಹಾಡು ಎಂದು ನೀವು ಕೇಳುವ ಎಷ್ಟೋ ಹಾಡುಗಳಲ್ಲಿರುವ ಕಂಠ ಪಿ. ಬಿ. ಶ್ರೀನಿವಾಸರದು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ತಾನೇ ರಾಜಕುಮಾರ್ ಖಾಯಂ ಆಗಿ ತಮ್ಮ ಹಾಡು ತಾವೇ ಹಾಡತೊಡಗಿದ್ದು.

ಇತ್ತೀಚಿನದು ಬೇಕೇ? 'ಕೆ.ಜಿ.ಎಫ್.' (2018, 2022) ಎಂದರೆ ಪ್ರಶಾಂತ್ ನೀಲ್, ಯಶ್. ಆ ಲೋಕದ ಮಸಿಬಣ್ಣ ಭುವನ್ ಗೌಡರ ಕ್ಯಾಮೆರಾದ್ದು, ಎದೆಗೆ ಗುದ್ದುವ ಸದ್ದು ರವಿ ಬಸ್ರೂರರದು. ಮೊದಲ ಭಾಗಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸಾಹಸ ನಿರ್ದೇಶನಕ್ಕೆ ಮತ್ತು ಸ್ಪೆಷಲ್ ಎಫೆಕ್ಟ್ಸ್‌ಗೆ. 'ಕಾಂತಾರ' (2022) ಎಂದರೆ ರಿಷಬ್ ಶೆಟ್ಟಿ. ಬರೆದು, ನಿರ್ದೇಶಿಸಿ, ನಟಿಸಿದವರು, ಅವರ ಪಾಲು ದೊಡ್ಡದೇ. ಸಂಗೀತ ಅಜನೀಶ್ ಲೋಕನಾಥ್, ಕ್ಯಾಮೆರಾ ಅರವಿಂದ್ ಕಶ್ಯಪ್. ನೀವು ಗುನುಗುವ ಆ ಸಿಂಗಾರದ ಹಾಡು ಬರೆದವರು ಪ್ರಮೋದ್ ಮರವಂತೆ. ಇವರೆಲ್ಲರ ಹಿಂದೆ, ತಲೆಮಾರುಗಳಿಂದ ಕೋಲ ಕಟ್ಟಿ, ಪಾಡ್ದನ ಹಾಡಿ ಆ ಲೋಕವನ್ನು ಉಳಿಸಿಕೊಂಡು ಬಂದ ತುಳುನಾಡಿನ ಸಮುದಾಯಗಳಿವೆ. ಅವರ ಹೆಸರು ಹಾಕಲು ಯಾವ ಟೈಟಲ್ ಕಾರ್ಡೂ ಸಾಲದು.

ಹೊರದೇಶದಲ್ಲೂ ಇದೇ ಕಥೆ. 'ಸ್ಟಾರ್ ವಾರ್ಸ್' ಎಂದರೆ ಜಾರ್ಜ್ ಲ್ಯೂಕಾಸ್ ಎನ್ನುತ್ತಾರೆ. 1977ರ ಮೊದಲ ಚಿತ್ರಕ್ಕೆ ಸಂಕಲನದ ಆಸ್ಕರ್ ಪಡೆದವರು ಮೂವರು. ಅವರಲ್ಲಿ ಒಬ್ಬರು ಆಗ ಲ್ಯೂಕಾಸರ ಪತ್ನಿಯಾಗಿದ್ದ ಮಾರ್ಸಿಯಾ ಲ್ಯೂಕಾಸ್. 1980ರಲ್ಲಿ ಬಂದ, ಬಹುಮಂದಿ ಎಲ್ಲಕ್ಕಿಂತ ಚೆನ್ನಾಗಿದೆ ಎನ್ನುವ ಎರಡನೆಯ ಚಿತ್ರವನ್ನು ನಿರ್ದೇಶಿಸಿದವರು ಇರ್ವಿನ್ ಕರ್ಶ್ನರ್. ಆ ಲೋಕವನ್ನು ಮೊದಲು ಕಂಡವರು ಲ್ಯೂಕಾಸ್ ಹೌದು. ಅದನ್ನು ನಮಗೆ ಕಾಣಿಸಿದವರು ಬಹಳ ಮಂದಿ.

ಕೊನೆಯ ಮಾತು

ನನ್ನ ಅಭಿಪ್ರಾಯ ಇಷ್ಟು. ಯಜಮಾನನಿಗೆ ಮೂರು ಕೆಲಸಗಳ ಹೆಸರು ಪೂರ್ತಿ ಸಲ್ಲಬೇಕು: ಆರಿಸಿದ್ದು, ಕೂಡಿಸಿದ್ದು, ಕೊನೆಯ ಹೂಂ ಅಥವಾ ಬೇಡ ಹೇಳಿದ್ದು. ರಾಜ್ ಕಪೂರ್ ಈ ಮೂರರಲ್ಲೂ ದೊಡ್ಡವರು. ಆದರೆ ಬರೆದ ಸಾಲು ಬರೆದವರದು, ಹಾಡಿದ ಕಂಠ ಹಾಡಿದವರದು, ಹಿಡಿದ ಬೆಳಕು ಹಿಡಿದವರದು. ಈ ಪಾಲನ್ನು ಅವರಿಗೆ ಕೊಟ್ಟರೆ ಯಜಮಾನನ ಪಾಲು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಇಷ್ಟು ದೊಡ್ಡವರನ್ನು ಒಟ್ಟಿಗೆ ಕೂರಿಸಿದನಲ್ಲ ಎಂದು ಅವನ ತೂಕ ಹೆಚ್ಚುತ್ತದೆ. ಜೈಕಿಶನ್ 1971ರಲ್ಲಿ ತೀರಿಕೊಂಡ ಮೇಲೂ ಶಂಕರ್ ತಮ್ಮ ಸಂಗೀತಕ್ಕೆ ಶಂಕರ್-ಜೈಕಿಶನ್ ಎಂದೇ ಹೆಸರು ಹಾಕುತ್ತಿದ್ದರು. ಅದರಿಂದ ಶಂಕರ್ ಸಣ್ಣವರಾದರೇ?

ಚೆಂಬೂರಿನ ಆ ಸ್ಟುಡಿಯೋ ಈಗಿಲ್ಲ. 2017ರ ಸೆಪ್ಟೆಂಬರ್ 16ರ ಬೆಂಕಿಯಲ್ಲಿ ದೊಡ್ಡ ಭಾಗವೇ ಸುಟ್ಟಿತು, ಹಳೆಯ ಚಿತ್ರಗಳ ಉಡುಪುಗಳೂ ಹೋದವು. 2019ರಲ್ಲಿ ಜಾಗವನ್ನು ಗೋದ್ರೆಜ್ ಪ್ರಾಪರ್ಟೀಸ್ ಕೊಂಡುಕೊಂಡಿತು. ದುಡಿದವರ ಹೆಸರು ಕೆತ್ತಲು ಅಲ್ಲಿ ಈಗ ಗೋಡೆ ಹುಡುಕಿ ಫಲವಿಲ್ಲ. ಉಳಿದಿರುವುದು ಹಾಡುಗಳು ಮಾತ್ರ, ಮತ್ತು ಹಾಡಿನ ಮೊದಲು ನಾವು ಹೇಳುವ ನಾಲ್ಕು ಹೆಸರು.

ಹಾಗಾಗಿ ಕೇಳುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಕೋರಿಕೆ ಬರೆಯುವಾಗ ನಟರ ಹೆಸರಿನ ಜೊತೆ ಬರೆದವರದೋ ಹಾಡಿದವರದೋ ಒಂದು ಹೆಸರು ಸೇರಿಸಿ. ಗೊತ್ತಿಲ್ಲದಿದ್ದರೆ, ಬರೆದವರು ಯಾರೆಂದು ತಿಳಿಸಿ ಎಂದು ಕೇಳಿ. ಹುಡುಕಿ ಹೇಳುವುದು ನಮ್ಮ ಕೆಲಸ, ಸಂತೋಷದಿಂದ ಮಾಡುತ್ತೇವೆ. ರಮೇಶ್ ಶಾಸ್ತ್ರಿಯವರ ಕೆಂಪು ದುಪಟ್ಟಾದ ಹಾಡು ಬೇಕು ಎಂದು ಯಾರಾದರೂ ಬರೆದರೆ, ಆ ವಾರದ ಮೊದಲ ಹಾಡು ಅದೇ.

ಮತ್ತೆ ಸಿಗೋಣ, ಕೇಳುತ್ತಾ ಇರಿ.